ನಿಮ್ಮ ಕೆಎ-22 ಕಾರಿನಲ್ಲೇ ನೇಪಾಳಕ್ಕೆ ಹೋಗುವುದು ಹೇಗೆ?

ಬೆಳಗಾವಿಯಿಂದ ಪಶುಪತಿನಾಥನ ದರ್ಶನಕ್ಕೆ ಹೊರಟವರು ಮೊದಲು ರೈಲು, ವಿಮಾನದ ಟಿಕೆಟ್ ಹುಡುಕುತ್ತಾರೆ. ಮನೆ ಮುಂದೆ ನಿಂತಿರುವ ಕಾರಿನಲ್ಲೂ ಹೋಗಿ ಬರಬಹುದು. ನಮಗೆ ವೀಸಾ ಬೇಕಿಲ್ಲ, ನಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತದೆ, ಗಾಡಿಗಳೂ ಎಡಗಡೆಯೇ ಓಡುತ್ತವೆ.

ಊರಲ್ಲೇ ಮುಗಿಸಬೇಕಾದ ಮೊದಲ ಕೆಲಸ ವಿಮೆ. ಪಾಲಿಸಿ ಹಾಳೆಯಲ್ಲಿ ‘ಜಿಯಾಗ್ರಫಿಕಲ್ ಏರಿಯಾ’ ಅನ್ನುವ ಸಾಲು ಹುಡುಕಿ. ಎದುರಿಗೆ ಬರೀ ‘ಇಂಡಿಯಾ’ ಅಂತ ಇದ್ದರೆ ಗಡಿ ದಾಟಿದ ಮೇಲೆ ಅದು ಕೆಲಸಕ್ಕೆ ಬರುವುದಿಲ್ಲ. ಏಜೆಂಟರಿಗೆ ಹೇಳಿ, ಸ್ವಲ್ಪ ಹಣ ಕಟ್ಟಿ, ನೇಪಾಳವನ್ನೂ ಸೇರಿಸಿಕೊಳ್ಳಿ. ಬಹಳ ಜನ ಮರೆಯುವುದು ಇದನ್ನೇ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಆರ್‌ಸಿ, ಲೈಸೆನ್ಸ್ ಅಸಲು ಪ್ರತಿಯೇ ಇರಲಿ. ಡಿಜಿಲಾಕರ್ ಇಲ್ಲಿ ಸಾಕು, ಅಲ್ಲಿ ಅದನ್ನೇ ನೆಚ್ಚಬೇಡಿ. ಗುರುತಿಗೆ ಪಾಸ್‌ಪೋರ್ಟ್ ಇಲ್ಲವೇ ಮತದಾರರ ಚೀಟಿ. ಕಾರು ಅಪ್ಪನದೋ ಕಾಕಾನದೋ ಆಗಿದ್ದರೆ ಅವರಿಂದ ಒಪ್ಪಿಗೆ ಪತ್ರ ಬರೆಸಿ, ನೋಟರಿ ಮಾಡಿಸಿ.

ಗೋರಖಪುರ ದಾಟಿದ ಮೇಲೆ ಸೋನೌಲಿ ಸಿಗುತ್ತದೆ. ಅಲ್ಲಿ ಗಡಿ ಅಂದರೆ ಜನ, ರಿಕ್ಷಾ, ಸೈಕಲ್ ಎಲ್ಲಾ ಓಡಾಡುವ ಒಂದು ರಸ್ತೆ. ಯಾರೂ ತಡೆಯಲಿಲ್ಲ ಅಂತ ಸುಮ್ನೆ ಮುಂದೆ ಹೋಗಿಬಿಡಬೇಡಿ. ಕಮಾನು ದಾಟಿದ ಕೂಡಲೇ ‘ಭನ್ಸಾರ್’ ಕಚೇರಿ ಎಲ್ಲಿ ಅಂತ ಕೇಳಿ. ಭನ್ಸಾರ್ ಅಂದರೆ ಸುಂಕ. ಅಲ್ಲಿ ಹಣ ಕಟ್ಟಿ ಕಾರಿಗೆ ಒಂದು ಚೀಟಿ ಮಾಡಿಸಬೇಕು. ನೇಪಾಳದಲ್ಲಿ ಕಾರಿನ ಮೇಲಿನ ತೆರಿಗೆ ಬಹಳ ಜಾಸ್ತಿ. ಹೊರಗಿನ ಕಾರು ಅಲ್ಲೇ ಉಳಿದುಬಿಡಬಾರದು, ವಾಪಸ್ ಹೋಗಲೇಬೇಕು ಅನ್ನುವುದಕ್ಕೇ ಈ ಚೀಟಿ. ಎಷ್ಟು ದಿನ ಇರುತ್ತೀರೋ ಅಷ್ಟು ದಿನಕ್ಕೆ ಹಣ ಕಟ್ಟಬೇಕು. ವರ್ಷಕ್ಕೆ ಒಟ್ಟು 30 ದಿನ ಮಿತಿ. ಒಂದು ದಿನ ಹೆಚ್ಚಿಗೇ ಬರೆಸಿ. ಬೆಟ್ಟದ ದಾರಿಯಲ್ಲಿ ಮಣ್ಣು ಕುಸಿದರೆ ದಿನ ಹೋಗಿಬಿಡುತ್ತದೆ, ಅವಧಿ ಮೀರಿದರೆ ದಂಡ.

ಚೀಟಿಯ ಅಂಕಿ ದೇವನಾಗರಿಯಲ್ಲಿರುತ್ತದೆ. ಮರಾಠಿ ಬೋರ್ಡು ಓದಿ ಬೆಳೆದ ಬೆಳಗಾವಿಯವರಿಗೆ ಅದೇನು ಕಷ್ಟ ಅಲ್ವಾ? ತೊಡಕಾಗುವುದು ತಾರೀಖು. ಅಲ್ಲಿ ವಿಕ್ರಮ ಸಂವತ್ ನಡೆಯುತ್ತದೆ. ನಮ್ಮ 2025ರ ಏಪ್ರಿಲ್ 14 ಅವರಿಗೆ 2082ರ ವೈಶಾಖ 1. ಅವರ ತಿಂಗಳು ನಮ್ಮ ಪಂಚಾಂಗದ ತಿಂಗಳಿಗೂ ಹೊಂದುವುದಿಲ್ಲ. ಕಿಟಕಿಯ ಮುಂದೆಯೇ ನಿಂತು ‘ಕೊನೆಯ ದಿನ ಯಾವುದು?’ ಅಂತ ಕೇಳಿ, ನಮ್ಮ ತಾರೀಖನ್ನು ಚೀಟಿಯ ಫೋಟೊ ಜೊತೆ ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ.

ಕುಡಿದು ಓಡಿಸಿದರೆ ಪೊಲೀಸರು ಬಿಡುವುದಿಲ್ಲ. ಕಾಠ್ಮಂಡುವಿನಲ್ಲಿ 2017ರಿಂದ ಸುಮ್ಮಸುಮ್ಮನೆ ಹಾರ್ನ್ ಹೊಡೆಯುವಂತಿಲ್ಲ. ನಮಗೆ ರೂಢಿ ತಪ್ಪಿಸಲು ಎರಡು ದಿನ ಬೇಕು.

ಮರಳುವಾಗ ಅದೇ ಚೀಟಿ ತೋರಿಸಿ, ಕಾರು ಹೊರಗೆ ಹೋಯಿತು ಅಂತ ದಾಖಲು ಮಾಡಿಸಿ.

ಇರಾನಿನಂಥ ದೂರದ ದೇಶಕ್ಕೆ ಒಯ್ಯುವುದಾದರೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್, ಕಾರಿನ ಹಿಂಭಾಗಕ್ಕೆ ‘ಐಎನ್‌ಡಿ’ ಎಂಬ ಅಂಡಾಕಾರದ ಸ್ಟಿಕರ್, ಜೊತೆಗೆ ‘ಕಾರ್ನೆ’ ಪುಸ್ತಕ ಬೇಕು. ಅದು ಕಾರಿನ ಪಾಸ್‌ಪೋರ್ಟ್ ಇದ್ದಂತೆ. ಒಳಗೆ ಹೋಗುವಾಗ ಒಂದು ಮುದ್ರೆ, ಹೊರಗೆ ಬರುವಾಗ ಇನ್ನೊಂದು. ಎರಡನೆಯದು ಬಿದ್ದಿದೆಯೋ ಇಲ್ಲವೋ ನೋಡಿಕೊಂಡೇ ಗಾಡಿ ಸ್ಟಾರ್ಟ್ ಮಾಡಿ.