ಹಳೇ ಊರಿನ ಬಣ್ಣದ ಫೋಟೋಗೆ ಕಟ್ಟು ಹಾಕಿಸುವಾಗ

ಹಳೇ ಬೆಂಗಳೂರಿನ ಬಣ್ಣದ ಫೋಟೋ ಗೋಡೆ ಮೇಲಿರಬೇಕು ಅಂತ ಈಗಿನ ಹುಡುಗರಿಗೆ ಆಸೆ. ಒಳ್ಳೆಯದೇ. ಎಂ.ಜಿ. ರಸ್ತೆಯ ಪ್ಲಾಜಾ ಟಾಕೀಸು 1936ರದ್ದು. ಅದಿದ್ದ ಜಾಗದಲ್ಲಿ ಈಗ ಮೆಟ್ರೋ ನಿಲ್ದಾಣ. ಇನ್ನು ಫೋಟೋದಲ್ಲೇ ನೋಡಬೇಕು. ಆದರೆ ಇವರು ಹಾಕುವ ರೀತಿ ನೋಡಿದರೆ ಮೈಯೆಲ್ಲ ಉರಿಯುತ್ತದೆ. ಮನೆಯಲ್ಲಿದ್ದ ಒಂದೇ ಒಂದು ಅಸಲಿ ಪ್ರಿಂಟನ್ನು ಆಲ್ಬಮ್ಮಿನಿಂದ ಕಿತ್ತು, ಹಿಂದೆ ಸೆಲ್ಲೋಟೇಪ್ ಬಡಿದು, ಸಂಜೆ ಬಿಸಿಲು ಬೀಳುವ ಗೋಡೆಗೇ ನೇತು ಹಾಕುತ್ತಾರೆ!

ಅಸಲಿ ಇರಬೇಕಾದ್ದು ಪೆಟ್ಟಿಗೆಯಲ್ಲಿ. 1970ರ ದಶಕದ ಬಣ್ಣದ ಪ್ರಿಂಟುಗಳು ಎಷ್ಟೋ ಮನೆಗಳಲ್ಲಿ ಕೆಂಪಗೆ ತಿರುಗಿವೆ, ನೋಡಿದ್ದೀರಲ್ವಾ? ಅವುಗಳಲ್ಲಿ ನೀಲಿ-ಹಸಿರಿನ ಅಂಶ ಕತ್ತಲಲ್ಲಿಟ್ಟರೂ ಮಾಸುತ್ತದೆ. ಬಿಸಿಲಿಗೆ ಇಟ್ಟರಂತೂ ಕೇಳಲೇಬೇಡಿ. ನಮ್ಮ ಮಾವನವರು ಕೊಡಾಕ್ರೋಮ್ ಅನ್ನೋ ಕೊಡಾಕ್ ಕಂಪನಿಯ ಬಣ್ಣದ ಫಿಲ್ಮಿನಲ್ಲಿ ಸ್ಲೈಡು ತೆಗೆಯುತ್ತಿದ್ದರು. ಟಿನ್ನಿನ ಡಬ್ಬಿಯಲ್ಲೇ ಉಳಿದವುಗಳಲ್ಲಿ ಗುಲ್‌ಮೊಹರಿನ ಕೆಂಪು ಇವತ್ತಿಗೂ ಹಾಗೇ ಇದೆ. ನೆಂಟರು ಬಂದಾಗಲೆಲ್ಲ ಪ್ರೊಜೆಕ್ಟರಿಗೆ ಹಾಕಿ ತೋರಿಸಿದವು ಪೇಲವವಾಗಿವೆ. ಆ ಫಿಲ್ಮು ತಯಾರಿಸುವುದನ್ನು 2009ರಲ್ಲೇ ನಿಲ್ಲಿಸಿದರು. ಅದಕ್ಕೇ ಅಸಲಿಯನ್ನು ಸ್ಕ್ಯಾನ್ ಮಾಡಿಸಿ, ಬೇಗ ಮಾಸದ ಪಿಗ್ಮೆಂಟ್ ಇಂಕಿನಲ್ಲಿ ಮ್ಯಾಟ್ ಕಾಗದದ ಮೇಲೆ ಪ್ರಿಂಟ್ ಹಾಕಿಸಿ. ಮಿರಮಿರ ಮಿಂಚುವ ಕಾಗದ ಹಾಕಿಸಿದರೆ ಸಂಜೆ ಟ್ಯೂಬ್‌ಲೈಟ್ ಬಿಟ್ಟು ಬೇರೇನೂ ಕಾಣುವುದಿಲ್ಲ.

ಕಟ್ಟು ಹಾಕಿಸುವಾಗ ಅಂಗಡಿಯಲ್ಲೇ ನಿಂತು ನೋಡಿ. ಗಾಜು ಫೋಟೋಗೆ ತಾಗಬಾರದು, ನಡುವೆ ಮೌಂಟ್ ಬೋರ್ಡ್, ಅಂದರೆ ಫೋಟೋ ಸುತ್ತ ಕೂರುವ ದಪ್ಪ ರಟ್ಟಿನ ಅಂಚು, ಇರಲೇಬೇಕು. ಆಸಿಡ್ ಇಲ್ಲದ ಬೋರ್ಡ್ ಕೇಳಿ. ಮೌಂಟೇ ಇಲ್ಲದಿದ್ದರೆ ಮಳೆಗಾಲದ ತೇವಕ್ಕೆ ಫೋಟೋ ಮೆತ್ತಗಾಗಿ ಗಾಜಿಗೆ ಅಂಟುತ್ತದೆ. ಅಂಟಿದ್ದನ್ನು ಎಳೆಯಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ.

ಇನ್ನು ಹಿಂಭಾಗ. ಇದನ್ನು ಯಾರೂ ನೋಡುವುದೇ ಇಲ್ಲ, ಹುಳ ನುಗ್ಗುವುದು ಅಲ್ಲಿಂದಲೇ. ಹಾರ್ಡ್‌ಬೋರ್ಡ್ ಹಾಕಿ ನಾಲ್ಕು ಮೊಳೆ ಹೊಡೆದರೆ ಸಂದಿ ಹಾಗೇ ಉಳಿಯುತ್ತದೆ. ನಾನು ಬಿಡುವುದಿಲ್ಲ, ಮನೆಗೆ ತಂದು ಬ್ರೌನ್ ಪೇಪರ್ ಅಂಟಿಸಿಯೇ ತೂಗುಹಾಕುವುದು. ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕುತ್ತಿದ್ದ ಹಳೇ ತರಹದ ಕಾಗದ ಬೇಕು, ಪ್ಲಾಸ್ಟಿಕ್ ಹೊಳಪಿನದ್ದು ಕೆಲಸಕ್ಕೆ ಬರುವುದಿಲ್ಲ. ಮೈದಾ ಅಂಟು ಕಾಯಿಸಿ, ಇಳಿಸುವಾಗ ಒಂದು ಚಿಟಿಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕಿ. ಅದು ವಿಷ, ಹುಳ ಹತ್ತಿರ ಬರುವುದಿಲ್ಲ. ಹಾಗೆಂದು ಅಡುಗೆ ಪಾತ್ರೆಯಲ್ಲಿ ಕಾಯಿಸಿಬಿಟ್ಟೀರಿ! ಅದಕ್ಕೆಂದೇ ಒಂದು ಹಳೇ ಡಬ್ಬಿ ಇಟ್ಟುಕೊಳ್ಳಿ, ಮಕ್ಕಳ ಕೈಗೂ ಸಿಗಬಾರದು. ಅಂಟನ್ನು ಕಟ್ಟಿನ ಮರದ ಅಂಚಿಗೆ ಮಾತ್ರ ತೆಳ್ಳಗೆ ಸವರಿ, ಬೋರ್ಡಿಗೆ ಬೇಡ. ಕಾಗದದ ಮೇಲೆ ಹಿಂಡಿದ ಒದ್ದೆ ಬಟ್ಟೆ ಒಮ್ಮೆ ಆಡಿಸಿ. ನೀರು ಹನಿಯಬಾರದು, ಕಾಗದ ಸ್ವಲ್ಪ ಸೋತು ಬಾಗಬೇಕು, ಅಷ್ಟೇ. ಆಗ ಮೇಲೆ ಹಾಸಿ, ನಡುವಿನಿಂದ ಅಂಚಿನ ಕಡೆಗೆ ಬೆರಳಲ್ಲಿ ನೀವುತ್ತಾ ಒತ್ತಿ. ಸುಕ್ಕು ಕಂಡರೆ ಗಾಬರಿ ಬೀಳಬೇಡಿ. ನೆರಳಲ್ಲಿ ರಾತ್ರಿಯೆಲ್ಲ ಬಿಡಿ, ಫ್ಯಾನ್ ಕೂಡ ಬೇಡ. ಬೆಳಿಗ್ಗೆ ಕಾಗದ ಮದ್ದಳೆಯ ತೊಗಲಿನಂತೆ ಬಿಗಿದು ನಿಂತಿರುತ್ತದೆ. ಆಮೇಲೆ ಬ್ಲೇಡಿನಿಂದ ಅಂಚು ಕತ್ತರಿಸಿ. ಆತುರಪಟ್ಟು ಒಣಕಾಗದ ಅಂಟಿಸಿದರೆ ಅದು ಜೋಲುತ್ತದೆ, ಬಿರುಕಿನಲ್ಲಿ ಜಿರಳೆ ಸಂಸಾರ ಹೂಡುತ್ತದೆ. ಎಷ್ಟು ಹೇಳಿದರೂ ಕೇಳುವುದಿಲ್ಲ. ರೇಷ್ಮೆ ಸೀರೆಯ ಮಡಿಕೆ ಬದಲಿಸದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟು ಜರಿ ಮುರಿಸಿಕೊಳ್ಳುವವರೂ ಇವರೇ.

ಹಿಂದೆ ಕೆಳಗಿನ ಎರಡು ಮೂಲೆಗೂ ಕಾರ್ಕಿನ ಚೂರು ಅಂಟಿಸಿ. ನಮ್ಮ ಅಜ್ಜಿ ಮನೆಯಲ್ಲಿ ಬಾಗಿಲ ಮೇಲಿನ ಹಿರಿಯರ ಫೋಟೋಗಳು ಮುಂದಕ್ಕೆ ಬಾಗಿರುತ್ತಿದ್ದವು. ಹಿಂದೆ ಗಾಳಿ ಆಡುತ್ತಿತ್ತು, ಗೋಡೆಯ ತೇವ ತಟ್ಟುತ್ತಿರಲಿಲ್ಲ. ಈಗ ಗೋಡೆಗೆ ಅಪ್ಪಿಸಿ ಹೊಡೆಯುತ್ತಾರೆ, ಅದೂ ಬಚ್ಚಲಿನ ಪಕ್ಕದ ಗೋಡೆಗೆ. ಒಗ್ಗರಣೆ ಹೊಗೆ ತಾಗುವ ಜಾಗವೂ ಬೇಡ. ನಿಂತವರ ಕಣ್ಣಿನ ಎತ್ತರಕ್ಕೆ ಹಾಕಿ. ಊರಿನ ಚಿತ್ರದಲ್ಲಿ ಅಂಗಡಿ ಬೋರ್ಡು, ಬಸ್ಸಿನ ನಂಬರು ಓದುವುದೇ ಸೊಗಸು, ಸೂರಿನ ಹತ್ತಿರ ಹಾಕಿದರೆ ಯಾರು ಓದುತ್ತಾರೆ?

ಒರೆಸುವಾಗ ಸ್ಪ್ರೇ ಬಟ್ಟೆಗೆ ಹೊಡೆಯಿರಿ, ಗಾಜಿಗಲ್ಲ. ಅಂಚಿನಿಂದ ನೀರು ಒಳಗಿಳಿದು ಮೌಂಟಿನ ಮೇಲೆ ಕಂದು ಕಲೆ ಎದ್ದರೆ ಮತ್ತೆ ಎಲ್ಲಾ ಬಿಚ್ಚಬೇಕಾಗುತ್ತದೆ.