ಗೊಬ್ಬರ ಮಾಗಿದೆಯೋ ಇಲ್ಲವೋ, ಮೊದಲು ಮೂಸಿ ನೋಡಿ

ಅಲ್ಲಾ ಮಕ್ಕಳೇ, ಸಾವಯವ ಅಂದಮಾತ್ರಕ್ಕೆ ಹೇಗೆ ಸುರಿದರೂ ನಡೆಯುತ್ತದೆ ಅಂತ ನಿಮಗೆ ಯಾರು ಹೇಳಿದರು? ನಿನ್ನೆಯ ಸಗಣಿಯನ್ನು ಇವತ್ತು ಟೊಮೆಟೊ ಬುಡಕ್ಕೆ ಹಾಕುವುದು, ನಾಲ್ಕು ದಿನಕ್ಕೆ ಎಲೆಯಂಚು ಸುಟ್ಟಿತು ಅಂತ ಮಣ್ಣನ್ನು ಬೈಯುವುದು! ಹಸಿ ಗೊಬ್ಬರ ಬುಡದಲ್ಲೇ ಕೊಳೆಯತೊಡಗಿದರೆ ಕಾವೇರುತ್ತದೆ, ಅಮೋನಿಯಾ ಬಿಡುತ್ತದೆ. ಎಳೆ ಬೇರು ತಡೆಯುವುದಿಲ್ಲ. ಅರೆಕೊಳೆತ ಒಣ ಎಲೆ, ಹುಲ್ಲು ಬೆರೆಸಿದರೆ ಇನ್ನೊಂದು ಪಾಡು. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಎಳೆದುಕೊಂಡು ಗಿಡ ಹಳದಿಯಾಗಿ ನಿಲ್ಲುತ್ತದೆ. ಗೊಣ್ಣೆ ಹುಳು, ಕಳೆ ಬೀಜ ಬರುವುದೂ ಇಂಥದ್ದರಿಂದಲೇ.

ಹಿಂದೆಲ್ಲ ತಿಪ್ಪೆ ತೋಡುವಾಗ ಒಂದು ಹಿಡಿ ತೆಗೆದು ಮೂಸದೆ ಯಾರೂ ಗೊಬ್ಬರ ಹೊರುತ್ತಿರಲಿಲ್ಲ. ಈಗ ಚೀಲದ ಮೇಲಿನ ಅಕ್ಷರ ಓದಿ ಮುಗಿಸುತ್ತೀರಿ. ಮಾಗಿದ ಗೊಬ್ಬರ ಕಪ್ಪುಗಂದು, ಪುಡಿಪುಡಿ. ಮಳೆ ಬಿದ್ದ ಮಣ್ಣಿನ ವಾಸನೆ. ಅಷ್ಟಕ್ಕೇ ನಂಬಬೇಡಿ. ರಾಶಿಯ ಮೇಲ್ಪದರ ಒಣಗಿ ಮೋಸ ಮಾಡುತ್ತದೆ, ಆದ್ದರಿಂದ ಮೊಣಕೈವರೆಗೆ ಕೈ ತೂರಿಸಿ ನಡುವಿನಿಂದ ಎರಡು ಹಿಡಿ ತೆಗೆಯಿರಿ. ನೀರು ಚಿಮುಕಿಸಿ ಹಿಂಡಿ: ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ತೊಟ್ಟಿಕ್ಕಬಾರದು. ಈ ತೇವ ಇಲ್ಲದಿದ್ದರೆ ಕೊಳೆಯುವ ಕೆಲಸ ನಿಂತು ಮಾಗದ್ದೂ ಮಾಗಿದಂತೆ ಕಾಣುತ್ತದೆ. ಅದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿ 3 ದಿನ ನೆರಳಲ್ಲಿಡಿ. ತೆರೆದಾಗ ಹುಳಿ ನಾತವೋ ಮೂಗು ಚುರುಗುಟ್ಟುವ ಘಾಟೋ ಬಂದರೆ ರಾಶಿಯನ್ನು ತಿರುವಿಹಾಕಿ ಇನ್ನೊಂದು ತಿಂಗಳು ಬಿಡಿ. ಮಣ್ಣಿನ ವಾಸನೆಯೇ ಇದ್ದರೆ ಎರಡು ಕುಂಡ ತೆಗೆದುಕೊಳ್ಳಿ. ಒಂದರಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಅರ್ಧ ಮಣ್ಣು ಅರ್ಧ ಗೊಬ್ಬರ. ಎರಡಕ್ಕೂ ಹತ್ತು ಹತ್ತು ಮೂಲಂಗಿ ಬೀಜ ಹಾಕಿ. ವಾರದೊಳಗೆ ಮೊಳೆತವನ್ನು ಮೆಲ್ಲಗೆ ಕಿತ್ತು ಬೇರು ನೋಡಿ. ಬೆಳ್ಳಗೆ ನೀಳವಾಗಿದ್ದರೆ ಸರಿ. ಗೊಬ್ಬರದ ಕುಂಡದಲ್ಲಿ ಮಾತ್ರ ಬೀಜ ಕಮ್ಮಿ ಹುಟ್ಟಿ, ಬೇರಿನ ತುದಿ ಕಂದಾಗಿದ್ದರೆ ರಾಶಿಯನ್ನು ಮುಟ್ಟಬೇಡಿ. ಹತ್ತು ಬೀಜ ಹೋದರೆ ಹೋಗಲಿ, ಇಡೀ ಪಾತಿ ಉಳಿಯುತ್ತದೆ.

 

ಹಾಕುವುದೇನೂ ದೊಡ್ಡ ವಿದ್ಯೆಯಲ್ಲ. ನಾಟಿಗೆ ಎರಡು ವಾರ ಮುಂಚೆ ಗುಣಿಗೆ ಎರಡು ಬೊಗಸೆ, ಮಣ್ಣಿನೊಡನೆ ಬೆರೆಸಿ. ಹೂ ಕಂಡಾಗ ಇನ್ನೊಂದು ಬೊಗಸೆಯನ್ನು ಕಾಂಡದಿಂದ ಗೇಣು ದೂರ ಸುತ್ತಲೂ ಹಾಕಿ, ಮಣ್ಣೆಳೆದು ನೀರು ಕೊಡಿ. ಕಾಂಡಕ್ಕೆ ಒತ್ತಿ ಗುಡ್ಡೆ ಹಾಕಿದರೆ ಬುಡ ಕೊಳೆಯುತ್ತದೆ. ಆಹಾರ ಹೀರುವ ಎಳೆ ಬೇರು ಇರುವುದು ಹೊರಗಡೆ. ಬದನೆ ಕೊಟ್ಟಷ್ಟೂ ಉಣ್ಣುತ್ತದೆ. ಹುರುಳಿಕಾಯಿ, ಬಟಾಣಿಗೆ ಒಂದು ಹಿಡಿ ಸಾಕು, ಬೇರಿನ ಗಂಟುಗಳಲ್ಲೇ ಸಾರಜನಕ ಸಿಗುತ್ತದೆ. ಜಾಸ್ತಿಯಾದರೆ ಬರೀ ಸೊಪ್ಪು, ಕಾಯಿಲ್ಲ. ಕ್ಯಾರೆಟ್‌ಗೆ ಹಸಿಯದು ಬಿದ್ದರೆ ಗಡ್ಡೆ ಕವಲೊಡೆಯುತ್ತದೆ. ಹಸಿಯಾಗಿ ತಿನ್ನುವ ಸೊಪ್ಪಿನ ಪಾತಿಗಂತೂ ಹಸಿ ಸಗಣಿ ಬೇಡವೇ ಬೇಡ. ಗೊತ್ತಿಲ್ಲದೆ ಹಾಕಿಬಿಟ್ಟಿದ್ದರೆ ಮಣ್ಣಿಗೆ ಬೆರೆಸಿ, 120 ದಿನ ಕಳೆಯುವವರೆಗೆ ಅಲ್ಲಿಂದ ಒಂದೆಲೆಯನ್ನೂ ಕೀಳಬೇಡಿ.