ರಕ್ಷಣಾ ತಂಡದ ತರಬೇತಿಗೆ ಕಡಿಮೆ ಬೆಲೆಯ ಕಂಪಾಸ್: ಯಾವುದು ತಗೋಬೇಕು, ಯಾವುದು ಬೇಡ

ಕುಮಾರ ಪರ್ವತದ ಕಡೆಯೋ ಚಾರ್ಮಾಡಿ ಸುತ್ತಲಿನ ಕಾಡಿನಲ್ಲೋ ಚಾರಣಿಗರು ದಾರಿ ತಪ್ಪಿದರೆ ಹುಡುಕಲು ಜೊತೆಗೆ ಹೊರಡುವವರು ಊರಿನ ಹುಡುಗರೇ. ಮಂಜು ಇಳಿದರೆ ಹತ್ತು ಮಾರು ಆಚೆ ಏನೂ ಕಾಣುವುದಿಲ್ಲ. ಮೊಬೈಲ್ ನೆನೆದಿರುತ್ತದೆ, ಇಲ್ಲವೇ ಚಾರ್ಜ್ ಮುಗಿದಿರುತ್ತದೆ. ಅಂಥವರಿಗೆ ಕಂಪಾಸ್ (ದಿಕ್ಸೂಚಿ) ಹಿಡಿದು ನೇರ ಸಾಲಿನಲ್ಲಿ ನಡೆಯೋದು ಕಲಿಸಬೇಕು, ಆದರೆ ಇಪ್ಪತ್ತು ಜನಕ್ಕೆ ದುಬಾರಿ ಕಂಪಾಸ್ ಕೊಡಿಸಲು ಯಾರ ಹತ್ತಿರ ದುಡ್ಡಿದೆ?

ಆನ್‌ಲೈನ್‌ನಲ್ಲಿ ಮೊದಲು ಕಣ್ಣಿಗೆ ಬೀಳೋದು ಹಸಿರು ಬಣ್ಣದ, ಮುಚ್ಚಳ ಇರುವ ‘ಮಿಲಿಟರಿ’ ಕಂಪಾಸ್. ಅಗ್ಗ, ಗತ್ತೂ ಇದೆ. ಬಿಟ್ಟುಬಿಡಿ. ನಕ್ಷೆ ಮೇಲಿಟ್ಟರೆ ಕೆಳಗಿನ ಗೆರೆ ಕಾಣುವುದಿಲ್ಲ, ಹೊಸಬರಿಗೆ ಕಲಿಸೋದು ಕಷ್ಟ. ಕೀ ಚೈನ್ ಕಂಪಾಸ್ ಬಗ್ಗೆ ಹೇಳೋದೇ ಬೇಡ.

ನಿಮಗೆ ಬೇಕಾಗಿರುವುದು ಪಾರದರ್ಶಕ ಪ್ಲಾಸ್ಟಿಕ್ ತಳದ ಬೇಸ್‌ಪ್ಲೇಟ್ ಕಂಪಾಸ್. ಮುಳ್ಳು ಇರುವ ಡಬ್ಬಿಯೊಳಗೆ ದ್ರವ ತುಂಬಿರಬೇಕು, ಇಲ್ಲದಿದ್ದರೆ ಮುಳ್ಳು ಓಲಾಡುತ್ತಲೇ ಇರುತ್ತದೆ. ಡಯಲ್ ತಿರುಗಬೇಕು, ಅದರ ಮೇಲೆ 0ಯಿಂದ 360ರವರೆಗೆ ಎರಡೆರಡು ಡಿಗ್ರಿಗೆ ಗೆರೆ ಇರಬೇಕು. ಅಂಚಿನಲ್ಲಿ ಸೆಂಟಿಮೀಟರ್ ಅಳತೆ ಇದ್ದರೆ ಸಾಕು: ಸರ್ವೇ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ 2 ಸೆಂ.ಮೀ. ಅಂದರೆ 1 ಕಿ.ಮೀ. ಅಮೆರಿಕದವರಿಗಾಗಿ ಮಾಡಿದ 1:24,000 ಅಳತೆ ನಮಗೆ ಕೆಲಸಕ್ಕೆ ಬರಲ್ಲ.

ಇನ್ನು ದುಡ್ಡು ಎಲ್ಲಿ ಉಳಿಸಬಹುದು? ಕನ್ನಡಿ ಬೇಡ, ಇಳಿಜಾರು ಅಳೆಯುವ ಸೌಲಭ್ಯ ಬೇಡ. ಡಿಕ್ಲಿನೇಶನ್ ಸರಿಪಡಿಸುವ ಸ್ಕ್ರೂ ಕೂಡ ಬೇಡ. ಡಿಕ್ಲಿನೇಶನ್ ಅಂದರೆ ನಿಜವಾದ ಉತ್ತರ ದಿಕ್ಕಿಗೂ ಮುಳ್ಳು ತೋರಿಸುವ ಉತ್ತರಕ್ಕೂ ಇರುವ ವ್ಯತ್ಯಾಸ; ಅದು ಅಮೆರಿಕ, ಕೆನಡಾದ ಕೆಲವು ಕಡೆ ಹತ್ತು ಡಿಗ್ರಿಗೂ ಜಾಸ್ತಿ, ನಮ್ಮಲ್ಲಿ ಒಂದೆರಡು ಡಿಗ್ರಿ ಅಷ್ಟೇ. ಅರ್ಧ ಕಿ.ಮೀ. ನಡೆದರೆ ಒಂದು ಡಿಗ್ರಿಗೆ ಸುಮಾರು 9 ಮೀಟರ್ ಪಕ್ಕಕ್ಕೆ ಹೋಗುತ್ತೀರಿ. ಪೊದೆ ಬಳಸಿಕೊಂಡು ಹೋಗುವಾಗ ಕಲಿಯುವವರು ಅದಕ್ಕಿಂತ ಜಾಸ್ತಿ ತಪ್ಪುತ್ತಾರೆ, ಅಲ್ವಾ?

ಆದರೆ ಒಂದು ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಯುರೋಪು, ಅಮೆರಿಕದಲ್ಲಿ ಮುಳ್ಳಿನ ಉತ್ತರ ತುದಿ ನೆಲದ ಕಡೆ ಬಾಗುತ್ತದೆ, ಅದಕ್ಕೆ ಅಲ್ಲಿಗಾಗಿ ಮಾಡಿದ ಕಂಪಾಸ್‌ನಲ್ಲಿ ದಕ್ಷಿಣ ತುದಿಗೆ ತುಸು ಭಾರ ಕೊಟ್ಟು ಸರಿದೂಗಿಸಿರುತ್ತಾರೆ. ಮುಳ್ಳು ಯಾವ ಕಡೆಗೂ ಬಾಗದೆ ಮಟ್ಟವಾಗಿ ನಿಲ್ಲುವ ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಹತ್ತಿರವೇ ಹಾದುಹೋಗುತ್ತದೆ. ಹಾಗಾಗಿ ಇಲ್ಲಿ ಆ ಬಾಗು ತೀರಾ ಕಮ್ಮಿ, ಕೊಟ್ಟ ಭಾರವೇ ತೊಂದರೆಯಾಗಿ ದಕ್ಷಿಣ ತುದಿ ಕೆಳಗಿಳಿದು ಡಬ್ಬಿಗೆ ಉಜ್ಜುತ್ತದೆ. ಭಾರತ ಇರುವ ವಲಯಕ್ಕೆ ಸರಿದೂಗಿಸಿದ ಮುಳ್ಳಿನದು ಕೇಳಿ, ಇಲ್ಲವೇ ಎಲ್ಲ ಕಡೆ ನಡೆಯುವ ‘ಗ್ಲೋಬಲ್’ ಮುಳ್ಳಿನದು. ವಿದೇಶದಿಂದ ಯಾರಾದರೂ ತಂದುಕೊಡುತ್ತೇನೆ ಅಂದರೆ ಇದನ್ನು ಮೊದಲೇ ಹೇಳಿಬಿಡಿ.

ಅಂಗಡಿಯಲ್ಲೇ ನೋಡುವುದು ಹೀಗೆ. ಕಬ್ಬಿಣ ಇಲ್ಲದ ಮರದ ಮೇಜಿನ ಮೇಲಿಟ್ಟು, ಬಗ್ಗಿ, ಕಣ್ಣನ್ನು ಕಂಪಾಸ್ ಮಟ್ಟಕ್ಕೆ ತಂದು ಪಕ್ಕದಿಂದ ನೋಡಿ. ಮುಳ್ಳು ಮಟ್ಟವಾಗಿ ನಿಂತಿದೆಯಾ? ಕಬ್ಬಿಣದ ಬೀಗದ ಕೈ ಹತ್ತಿರ ತಂದು ಮುಳ್ಳನ್ನು ಎಳೆಯಿರಿ, ದೂರ ಒಯ್ಯಿರಿ. ನಾಲ್ಕೈದು ಸೆಕೆಂಡಿನಲ್ಲಿ ಮೊದಲಿದ್ದ ಡಿಗ್ರಿಗೇ ಬಂದು ನಿಲ್ಲಬೇಕು. ಇನ್ನೊಂದು ಸಲ ಎದುರು ದಿಕ್ಕಿಗೆ ಎಳೆದು ನೋಡಿ. ಡಯಲ್ ಬಿಗಿಯಾಗಿ ತಿರುಗಬೇಕು, ತಾನಾಗಿ ಜಾರಬಾರದು. ದ್ರವದಲ್ಲಿ ಸಾಸಿವೆಯಷ್ಟು ಗಾಳಿಗುಳ್ಳೆ ಇದ್ದರೆ ಪರವಾಗಿಲ್ಲ, ಮುಳ್ಳಿಗೆ ತಾಗುವಷ್ಟು ದೊಡ್ಡದಿದ್ದರೆ ಬೇಡ.

ಎಲ್ಲರಿಗೂ ಒಂದೇ ಮಾಡೆಲ್ ಕೊಡಿ. ನೀವು ‘ಕೆಂಪು ಬಾಣ ನೋಡಿ’ ಅಂದಾಗ ಒಬ್ಬರ ಕೈಯಲ್ಲಿ ಅದು ಕಪ್ಪಾಗಿದ್ದರೆ ಅರ್ಧ ಪಾಠ ಅಲ್ಲೇ ನಿಲ್ಲುತ್ತದೆ. ಇಪ್ಪತ್ತು ಜನಕ್ಕೆ ಹತ್ತು ಕಂಪಾಸ್ ಸಾಕು, ಒಬ್ಬ ಹಿಡಿಯಲಿ, ಇನ್ನೊಬ್ಬ ಮುಂದೆ ಹೋಗಿ ಗುರುತಾಗಿ ನಿಲ್ಲಲಿ.

ತರಬೇತಿಗೆ ಕುದುರೆಮುಖದ ಹಳೇ ಗಣಿ ಪ್ರದೇಶ ಮಾತ್ರ ಆರಿಸಬೇಡಿ. 2005ರ ಕೊನೆಯವರೆಗೂ ಅಲ್ಲಿ ತೆಗೆದದ್ದು ಮ್ಯಾಗ್ನಟೈಟ್, ಅಂದರೆ ಅಯಸ್ಕಾಂತ ಗುಣದ ಕಬ್ಬಿಣದ ಅದಿರು, ಅಂಥ ನೆಲದಲ್ಲಿ ಮುಳ್ಳು ದಿಕ್ಕು ತಪ್ಪಿದರೆ ಸುಮ್ನೆ ಕಂಪಾಸ್ ಮೇಲೆ ಗೂಬೆ ಕೂರಿಸುತ್ತೀರಿ.

ವಾಕಿಟಾಕಿ, ಮೊಬೈಲ್ ಎರಡರ ಸ್ಪೀಕರಿನಲ್ಲೂ ಅಯಸ್ಕಾಂತ ಇದೆ. ಅವುಗಳ ಜೊತೆ ಒಂದೇ ಜೇಬಿನಲ್ಲಿಟ್ಟರೆ ಮುಳ್ಳು ಪೂರ್ತಿ ಉಲ್ಟಾ ಆಗಿ ದಕ್ಷಿಣವನ್ನೇ ಉತ್ತರ ಅಂತ ತೋರಿಸಬಹುದು. ಹಾಗಾಗಿ ಪ್ರತಿ ಕಂಪಾಸ್‌ಗೂ ನಂಬರ್ ಬರೆಯಿರಿ. ಹೊರಡುವ ಮುಂಚೆ ಎಲ್ಲವನ್ನೂ ಒಂದೊಂದು ಮೀಟರ್ ದೂರಕ್ಕೆ ಸಾಲಾಗಿ ಇಟ್ಟು ನೋಡಿ, ಯಾವುದು ಉಳಿದವುಗಳ ಜೊತೆ ಹೊಂದುವುದಿಲ್ಲವೋ ಅದನ್ನು ಎತ್ತಿಡಿ.